ಟೀಚಿಂಗ್ ಮ್ಯಾನುವಲ್‌ಗೆ ಯಾವ ಚಾಟ್‌ಬಾಟ್? ಕಾಸರಗೋಡಿನ ಕನ್ನಡ ಮಾಧ್ಯಮದ ಟೀಚರ್‌ಗಳಿಗೆ ಒಂದು ಹೋಲಿಕೆ

ಐದನೇ ತರಗತಿಯಲ್ಲಿ ನೀರಿನ ಬಗ್ಗೆ ಒಂದು ಚಟುವಟಿಕೆ ಮಾಡಿಸಬೇಕಿತ್ತು. ಭಾನುವಾರ ರಾತ್ರಿ. ಟೀಚಿಂಗ್ ಮ್ಯಾನುವಲ್, ಅಂದರೆ ಪಾಠಕ್ಕೆ ಮೊದಲೇ ಬರೆದಿಡುವ ಯೋಜನೆ, ಇನ್ನೂ ಬರೆದಿರಲಿಲ್ಲ. ಮೊಬೈಲಿನಲ್ಲಿ ಒಂದು ಚಾಟ್‌ಬಾಟ್ ತೆರೆದು ಕನ್ನಡದಲ್ಲೇ ಕೇಳಿದೆ: "5ನೇ ತರಗತಿಗೆ ನೀರಿನ ಮೂಲಗಳ ಬಗ್ಗೆ ಪಾಠ ಯೋಜನೆ ಕೊಡು." ಅರ್ಧ ನಿಮಿಷದಲ್ಲಿ ಎರಡು ಪುಟ ಬಂತು. ಕನ್ನಡ ಚೆನ್ನಾಗಿಯೇ ಇತ್ತು. ಆದರೆ ಉದಾಹರಣೆಗೆ ಬಂದದ್ದು ಕಾವೇರಿ, ಕೆ.ಆರ್.ಎಸ್. ಅಣೆಕಟ್ಟು, ಬೋರ್‌ವೆಲ್. ಮೌಲ್ಯಮಾಪನದ ಜಾಗದಲ್ಲಿ ಕರ್ನಾಟಕದ ಶಾಲೆಗಳ ಎಫ್‌ಎ1, ಎಸ್‌ಎ1 ಅಂತ ಇತ್ತು. ನಮ್ಮ ಮಕ್ಕಳು ದಿನಾ ನೋಡುವ, ಗುಡ್ಡಕ್ಕೆ ಕೊರೆದ ಸುರಂಗ, ಮಳೆನೀರು ನಿಲ್ಲುವ ಮದಕ, ಪಳ್ಳ, ತೋಡಿಗೆ ಹಾಕುವ ಕಟ್ಟ ಇವುಗಳಲ್ಲಿ ಒಂದೂ ಇರಲಿಲ್ಲ.

ಯಾಕೆ ಹೀಗಾಗುತ್ತದೆ ಅನ್ನುವುದು ಸರಳ. ಇಂಟರ್‌ನೆಟ್ಟಿನಲ್ಲಿ ಶಾಲೆಯ ಬಗ್ಗೆ ಇರುವ ಕನ್ನಡ ಬರಹ ಹೆಚ್ಚಿನದೂ ಕರ್ನಾಟಕದ್ದು. ಕನ್ನಡದಲ್ಲಿ ಕೇಳಿದರೆ ಬಾಟ್ ನಮ್ಮನ್ನು ಕರ್ನಾಟಕದವರು ಎಂದೇ ತಿಳಿಯುತ್ತದೆ. ನಾವು 1956ರ ನವೆಂಬರ್ 1ರಿಂದ ಕೇರಳದವರು. ಪಠ್ಯ ಕೇರಳದ ಪುಸ್ತಕ ತಯಾರಿಸುವ ಎಸ್‌ಸಿಇಆರ್‌ಟಿಯದ್ದು, ಭಾಷೆ ಕನ್ನಡ. ಎಫ್‌ಎ, ಎಸ್‌ಎ ನಮ್ಮಲ್ಲಿ ಇಲ್ಲ. ನಮ್ಮದು ಸಿಇ (ನಿರಂತರ ಮೌಲ್ಯಮಾಪನ) ಮತ್ತು ಟಿಇ (ಟರ್ಮ್ ಕೊನೆಯ ಮೌಲ್ಯಮಾಪನ). ಕೇರಳದ ಪಠ್ಯ, ಕನ್ನಡ ಭಾಷೆ ಎಂಬ ಈ ಜೋಡಿಯನ್ನು ನಾವೇ ಹೇಳಿಕೊಡಬೇಕು. ಹೇಳಿಕೊಟ್ಟ ಮೇಲೆ ಯಾವ ಬಾಟ್ ಅದನ್ನು ಕೊನೆಯವರೆಗೆ ನೆನಪಿಟ್ಟುಕೊಳ್ಳುತ್ತದೆ? ನನ್ನ ಹೋಲಿಕೆ ಇದರ ಮೇಲೆಯೇ ನಿಂತಿದೆ. ಯಾವ ಬಾಟ್ ಹೆಚ್ಚು ಬುದ್ಧಿವಂತ ಅನ್ನುವ ಚರ್ಚೆ ನಮಗೆ ಬೇಡ. ಆ ಲೆಕ್ಕ ಕೆಲವೇ ತಿಂಗಳಿಗೆ ಬದಲಾಗುತ್ತದೆ. ನಮ್ಮ ಪುಸ್ತಕದ ಪುಟ ಅದಕ್ಕೆ ಓದಲು ಬರುತ್ತದೆಯೇ ಎಂದು ಮೊದಲು ನೋಡಿ.

ಪುಸ್ತಕ ಓದಿಸುವುದೇ ದೊಡ್ಡ ಕೆಲಸ

ಇದನ್ನು ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಹೆಚ್ಚಿನ ಟೀಚರ್‌ಗಳು ಇಲ್ಲೇ ಸೋತು ಕೈಬಿಡುತ್ತಾರೆ. ಕನ್ನಡ ಮಾಧ್ಯಮದ ಪುಸ್ತಕಗಳ ಪಿಡಿಎಫ್ ಸಿಗುತ್ತದೆ. ಅದನ್ನು ಬಾಟ್‌ಗೆ ಹಾಕಿ ಪ್ರಶ್ನೆ ಕೇಳಿದರೆ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ. ಬಾಟ್ ಕೆಟ್ಟದ್ದು ಅಂದುಕೊಳ್ಳುತ್ತೇವೆ. ನಿಜವಾದ ತೊಂದರೆ ಅಕ್ಷರದಲ್ಲಿ ಇರುತ್ತದೆ. ಕನ್ನಡದ ಎಷ್ಟೋ ಪಿಡಿಎಫ್‌ಗಳನ್ನು ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಮಾಡಿರುತ್ತಾರೆ. ನಮ್ಮ ಕಣ್ಣಿಗೆ ಅದು ಒಳ್ಳೆಯ ಕನ್ನಡ. ಕಂಪ್ಯೂಟರಿಗೆ ಮಾತ್ರ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ.

ಪರೀಕ್ಷೆ ಸುಲಭ. ಪಿಡಿಎಫ್‌ನ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿ. ಕನ್ನಡ ಬಂದರೆ ಆ ಪಿಡಿಎಫ್ ಸರಿ ಉಂಟು, ನೇರವಾಗಿ ಹಾಕಬಹುದು. ಏನೇನೋ ಚಿಹ್ನೆ ಬಂದರೆ ಹಾಕಿ ಪ್ರಯೋಜನವಿಲ್ಲ. ಆಗ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಅಥವಾ ಪುಸ್ತಕವನ್ನೇ ಕಿಟಕಿಯ ಬೆಳಕಿನಲ್ಲಿಟ್ಟು ಫೋಟೋ ತೆಗೆಯಿರಿ. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಮೂರೂ ಫೋಟೋದಲ್ಲಿರುವ ಕನ್ನಡವನ್ನು ಓದುತ್ತವೆ. ಒತ್ತಕ್ಷರ ಅಲ್ಲಲ್ಲಿ ತಪ್ಪಬಹುದು. ಹಾಗಾಗಿ ಮೊದಲ ಸಲ "ಈ ಪುಟದಲ್ಲಿ ಏನಿದೆ, ಹಾಗೆಯೇ ಬರೆದು ತೋರಿಸು" ಎನ್ನಿ. ಪುಸ್ತಕ ಪಕ್ಕದಲ್ಲಿಟ್ಟು ಎರಡು ನಿಮಿಷ ನೋಡಿ. ಆಮೇಲೆ ಪಾಠದ ಮಾತು. ಒಂದು ಪಾಠಕ್ಕೆ ನಾಲ್ಕೈದು ಪುಟ ಸಾಕು. ಇಡೀ ಪುಸ್ತಕ ಸುರಿದರೆ ಒಳ್ಳೆಯದು ಅಂತ ಏನಿಲ್ಲ.

ಈ ಲೆಕ್ಕದಲ್ಲಿ ನೋಟ್‌ಬುಕ್‌ಎಲ್ಎಂಗೆ ಬೇರೆಯೇ ಜಾಗ ಉಂಟು. ಇದು ಗೂಗಲ್‌ನದ್ದು, ಸಾದಾ ಜಿಮೇಲ್ ಇದ್ದರೆ ಸಾಕು. ನೀವು ಹಾಕಿದ ಪುಟಗಳ ಮೇಲೆಯೇ ಉತ್ತರ ಕೊಡಲು ಇದನ್ನು ಮಾಡಿದ್ದಾರೆ. ಪ್ರತಿ ವಾಕ್ಯದ ಪಕ್ಕದಲ್ಲಿ ಸಣ್ಣ ನಂಬರ್ ಇರುತ್ತದೆ. ಮುಟ್ಟಿದರೆ ಅದು ಯಾವ ಪುಟದಿಂದ ಬಂತು ಅಂತ ತೋರಿಸುತ್ತದೆ. ಉತ್ತರದ ಭಾಷೆಯನ್ನು ಸೆಟ್ಟಿಂಗ್ಸ್‌ನಲ್ಲಿ ಕನ್ನಡಕ್ಕೆ ಇಟ್ಟುಕೊಳ್ಳಬಹುದು. ಪಠ್ಯಪುಸ್ತಕ, ಟೀಚರ್ ಟೆಕ್ಸ್ಟ್ (ಟೀಚರ್‌ಗಳ ಕೈಪಿಡಿ), ನಿಮ್ಮ ಕಳೆದ ವರ್ಷದ ಮ್ಯಾನುವಲ್ ಮೂರನ್ನೂ ಒಂದೇ ನೋಟ್‌ಬುಕ್‌ನಲ್ಲಿ ಹಾಕಿಟ್ಟರೆ ವರ್ಷವಿಡೀ ಬಳಕೆಗೆ ಬರುತ್ತದೆ. ಕಾವೇರಿ ನುಸುಳುವ ಭಯ ತುಂಬಾ ಕಡಿಮೆ. ಆದರೆ ಪುಸ್ತಕದ ಹೊರಗಿನ ಹೊಸ ಆಟ, ಹೊಸ ಕಥೆ ಬೇಕಾದರೆ ಇದು ಸ್ವಲ್ಪ ಒಣಕಲು. ಹಾಕಿದ್ದರ ಒಳಗೆ ತಿರುಗುವುದೇ ಅದರ ಗುಣ ಅಲ್ವಾ.

ಮೂರು ಸಾಮಾನ್ಯ ಬಾಟ್‌ಗಳು

ಚಾಟ್‌ಜಿಪಿಟಿ 2022ರ ನವೆಂಬರ್ 30ಕ್ಕೆ ಬಂತು. ನಮ್ಮಲ್ಲಿ ಎಲ್ಲರಿಗೂ ಮೊದಲು ಗೊತ್ತಾದದ್ದು ಇದೇ. ಚಟುವಟಿಕೆಯ ಯೋಚನೆಗಳು ಬೇಕಾದಾಗ ನಾನು ಇದಕ್ಕೆ ಹೋಗುತ್ತೇನೆ. "ಮಳೆ ಬಂದು ಹೊರಗೆ ಬಿಡಲಾಗದ ದಿನ 20 ಮಕ್ಕಳಿಗೆ ಭಿನ್ನರಾಶಿಯ ಆಟ" ಅಂದರೆ ಐದಾರು ಬಗೆ ಹೇಳುತ್ತದೆ. ನಾನು ಎಲ್ಲಿಯವಳು, ಯಾವ ಪಠ್ಯ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಬರೆದಿಟ್ಟರೆ ಪ್ರತಿ ಸಲ ಹೇಳಬೇಕಾಗಿಲ್ಲ. ಇದು ನಮಗೆ ದೊಡ್ಡ ಅನುಕೂಲ. ಇದರ ಗೋ ಎಂಬ ಪ್ಲಾನ್ 2025ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದಾಗ ತಿಂಗಳಿಗೆ 399 ರೂಪಾಯಿ ಇತ್ತು. ಯುಪಿ (5ರಿಂದ 7ನೇ) ತರಗತಿಯ ಮ್ಯಾನುವಲ್‌ಗೆ ದುಡ್ಡು ಕೊಡುವ ಅಗತ್ಯ ನನಗೆ ಈವರೆಗೆ ಬರಲಿಲ್ಲ.

ಜೆಮಿನಿಯ ಬಲ ಮಾತಿನಲ್ಲಿ ಇದೆ. 2024ರ ಜೂನ್‌ನಲ್ಲಿ ಅದರ ಮೊಬೈಲ್ ಆ್ಯಪ್ ಭಾರತಕ್ಕೆ ಬಂದಾಗಲೇ ಕನ್ನಡ, ಮಲಯಾಳ, ಮರಾಠಿ, ಉರ್ದು ಸೇರಿ ನಮ್ಮ 9 ಭಾಷೆಗಳಿದ್ದವು. ಕನ್ನಡ ಟೈಪ್ ಮಾಡಲು ಕಷ್ಟಪಡುವ ಹಿರಿಯ ಟೀಚರ್‌ಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಮೈಕ್ ಒತ್ತಿ ನಮ್ಮ ಧಾಟಿಯಲ್ಲೇ ಮಾತಾಡಿದರೂ ಸುಮಾರಾಗಿ ಹಿಡಿಯುತ್ತದೆ. ಬರೆದುಕೊಟ್ಟದ್ದನ್ನು ಗೂಗಲ್ ಡಾಕ್ಸ್‌ಗೆ ಕಳಿಸಿ ಪ್ರಿಂಟ್ ತೆಗೆಯುವುದೂ ಸುಲಭ.

ಕ್ಲಾಡ್ ಬಗ್ಗೆ ನಮ್ಮ ಕಡೆ ಮಾತು ಕಡಿಮೆ. ಉದ್ದದ ಸೂಚನೆ ಕೊಟ್ಟು, ಬಂದದ್ದನ್ನು ತಿದ್ದಿಸಿ ತಿದ್ದಿಸಿ ಒಂದು ರೂಪಕ್ಕೆ ತರುವ ಕೆಲಸಕ್ಕೆ ಒಳ್ಳೆಯದು ಅನ್ನಿಸಿತು. ಮೂರಕ್ಕೂ ಉಚಿತ ಬಳಕೆಗೆ ಮಿತಿ ಇದೆ. ಬಾಟ್‌ಗಳು ಬರಹವನ್ನು ಚೂರು ಚೂರು ಮಾಡಿ ಲೆಕ್ಕ ಹಾಕುತ್ತವೆ. ಅದೇ ಮಾತು ಇಂಗ್ಲಿಷಿನಲ್ಲಿದ್ದರೆ ಕಡಿಮೆ ಚೂರು, ಕನ್ನಡದಲ್ಲಿದ್ದರೆ ಜಾಸ್ತಿ. ಹಾಗಾಗಿ ಮಿತಿ ನಮಗೆ ಬೇಗ ಮುಗಿಯುತ್ತದೆ. ವಾರದ ಎಲ್ಲಾ ಪಾಠವನ್ನು ಒಂದೇ ರಾತ್ರಿ ಕೇಳುವ ಬದಲು ದಿನಕ್ಕೊಂದು ಕೇಳಿದರೆ ಈ ತೊಂದರೆ ಬರುವುದಿಲ್ಲ.

ವಾಟ್ಸಾಪ್ ಒಳಗಿನ ಮೆಟಾ ಎಐ ಕೈಗೆ ಹತ್ತಿರ. ಇಂಗ್ಲಿಷ್ ಪಾಠಕ್ಕೆ ನಾಲ್ಕು ವಾಕ್ಯ, ಒಂದು ಸಣ್ಣ ಸಂಭಾಷಣೆ ಬೇಕಾದರೆ ಸಾಕು. ಮೈಕ್ರೋಸಾಫ್ಟ್‌ನ ಕೋಪೈಲಟ್ ಮುಖ್ಯವಾಗಿ ಶಾಲೆಯ ವಿಂಡೋಸ್ ಲ್ಯಾಪ್‌ಟಾಪ್ ಬಳಸುವವರಿಗೆ. ನಮ್ಮ ಶಾಲೆಗಳಲ್ಲಿ ಹೆಚ್ಚಾಗಿ ವಿಂಡೋಸ್ ಬದಲು ಉಬುಂಟು ಇರುವುದರಿಂದ ಅದರ ಮಾತು ಇಲ್ಲಿಗೇ ಬಿಡುತ್ತೇನೆ.

ತಯಾರು ಪಾಠ ಕೊಡುವವು

ಟೀಚರ್‌ಗಳಿಗಾಗಿಯೇ ಮಾಡಿದ ಸಾಧನಗಳೂ ಉಂಟು. ತರಗತಿ, ವಿಷಯ, ಪಾಠ ಆರಿಸಿದರೆ ಯೋಜನೆ ತಯಾರು. ಕನ್ನಡದಲ್ಲಿ ಗಮನಿಸಬೇಕಾದದ್ದು ಶಿಕ್ಷಾ ಕೋಪೈಲಟ್. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಇದನ್ನು ಪ್ರಯೋಗ ಮಾಡಿದವು. ಕನ್ನಡದ ಟೀಚರ್ ಕೇಳುವ ಭಾಷೆಯಲ್ಲೇ ಪಾಠ ಕೊಡಬಹುದು ಎಂಬುದನ್ನು ಅದು ತೋರಿಸಿಕೊಟ್ಟಿದೆ. ಸಂತೋಷದ ವಿಷಯ. ಆದರೆ ಅದು ಕರ್ನಾಟಕದ ಪಠ್ಯಕ್ಕೆ ಕಟ್ಟಿದ್ದು. ಪಾಠದ ಕ್ರಮ ಬೇರೆ, ಪುಸ್ತಕದ ಪದ ಬೇರೆ. ವಿದೇಶದ ಸಾಧನಗಳ ಕಥೆಯೂ ಇದೇ. ನೋಡಲು ಚೆಂದ, ನಮ್ಮ ಮ್ಯಾನುವಲ್‌ಗೆ ಕೂರುವುದಿಲ್ಲ.

ಕೇರಳದ ಪಠ್ಯಕ್ಕೆ ಕಟ್ಟಿದ್ದು ಬೇಕಾದರೆ ಕೈಟ್‌ನ (ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ) ಸಮಗ್ರ ಪೋರ್ಟಲ್ ಇದೆ. ಅಲ್ಲಿಗೆ ಮೊದಲು ಹೋಗಿ. ಕನ್ನಡ ಮಾಧ್ಯಮದ ಪುಸ್ತಕಗಳೂ ಅಲ್ಲಿವೆ. ಕನ್ನಡದಲ್ಲಿ ನಿಮಗೆ ಬೇಕಾದ ಪಾಠಕ್ಕೆ ಏನೂ ಸಿಗದಿದ್ದರೆ ಅದೇ ಪಾಠದ ಇಂಗ್ಲಿಷ್ ಅಥವಾ ಮಲಯಾಳದ ಸಾಮಗ್ರಿ ನೋಡಿ. ಪಾಠ ಒಂದೇ, ಭಾಷೆ ಮಾತ್ರ ಬೇರೆ. ಬಾಟ್ ನಮಗೆ ನಿಜವಾಗಿ ಉಪಕಾರ ಮಾಡುವುದು ಇಲ್ಲಿ ಅಂತ ನನ್ನ ಅಭಿಪ್ರಾಯ. ಮಲಯಾಳದಲ್ಲಿ ಬಂದ ಟೀಚರ್ ಟೆಕ್ಸ್ಟ್, ಟೀಚರ್‌ಗಳ ಕ್ಲಸ್ಟರ್ ಸಭೆಯಲ್ಲಿ ಕೊಟ್ಟ ನೋಟ್ಸ್, ಸುತ್ತೋಲೆ ಇವನ್ನೆಲ್ಲ ಕನ್ನಡಕ್ಕೆ ತರಲು ಮೊದಲು ಮಲಯಾಳ ಓದಲು ಬರುವ ಒಬ್ಬರನ್ನು ಹುಡುಕಬೇಕಿತ್ತು. ಈಗ ಫೋಟೋ ತೆಗೆದು ಹಾಕಿದರೆ ಆಯಿತು. ಜೆಮಿನಿ ಮತ್ತು ಚಾಟ್‌ಜಿಪಿಟಿ ಎರಡೂ ಈ ಕೆಲಸ ಮಾಡುತ್ತವೆ.

ಆದರೂ ಕಣ್ಣಿಡಬೇಕು. ಎರಡೂ ಭಾಷೆಯಲ್ಲಿ ಒಂದೇ ತರಹ ಕೇಳುವ, ಅರ್ಥ ಬೇರೆಯಾದ ಪದಗಳು ಬಲೆ ಹಾಕುತ್ತವೆ. ಮಲಯಾಳದ ಉಪನ್ಯಾಸ ಎಂದರೆ ಪ್ರಬಂಧ. "ಮಳೆಯ ಬಗ್ಗೆ ಉಪನ್ಯಾಸ ಬರೆಯಿರಿ" ಎಂಬ ಪ್ರಶ್ನೆ ನನಗೆ ಹಾಗೆಯೇ ಬಂದಿತ್ತು. ಮಲಯಾಳದ ಪ್ರಸಂಗ ಎಂದರೆ ಭಾಷಣ. ನಮ್ಮ ಕುಂಬಳೆ ಸೀಮೆಯ ಮಗುವಿಗೆ ಪ್ರಸಂಗ ಎಂದರೆ ಯಕ್ಷಗಾನದ್ದು! ಇಂಥದ್ದನ್ನು ಮನೆಯಲ್ಲಿ ಎರಡೂ ಭಾಷೆ ಕೇಳಿ ಬೆಳೆದವರು ಮಾತ್ರ ತಟ್ಟನೆ ಹಿಡಿಯುತ್ತಾರೆ. ನಾವು ಹಾಗೆ ಬೆಳೆದವರು. ಅದು ನಮ್ಮ ಬಲ.

ಪದಗಳ ಪಟ್ಟಿ

ಬಾಟ್‌ಗಳೆಲ್ಲದರಲ್ಲೂ ಕಂಡ ಒಂದು ಸಂಗತಿ: ಒಂದೇ ಪಾಠದಲ್ಲಿ ಒಮ್ಮೆ ದ್ಯುತಿಸಂಶ್ಲೇಷಣೆ, ಇನ್ನೊಮ್ಮೆ ಪ್ರಕಾಶ ಸಂಶ್ಲೇಷಣೆ. ದೊಡ್ಡವರಿಗೆ ಎರಡೂ ಒಂದೇ. ಮಗುವಿಗೆ ಎರಡು ಬೇರೆ ಬೇರೆ ಸಂಗತಿ. ಪರೀಕ್ಷೆಯಲ್ಲಿ ಬರುವುದು ಪುಸ್ತಕದ ಪದ. ಆದ್ದರಿಂದ ಪ್ರತಿ ಪಾಠಕ್ಕೂ ಇಪ್ಪತ್ತು ಮೂವತ್ತು ಪದಗಳನ್ನು ಪುಸ್ತಕದಿಂದಲೇ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಸೂಚನೆಯ ಜೊತೆ ಅದನ್ನೂ ಹಾಕಿ. ನಾನು ಈಗ ಬಳಸುವ ಸೂಚನೆ ಹೀಗಿದೆ:

"ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಯುಪಿ ಶಾಲೆಯ ಟೀಚರ್. ಪಠ್ಯ ಕೇರಳ ಎಸ್‌ಸಿಇಆರ್‌ಟಿಯದ್ದು. ಕರ್ನಾಟಕದ ಪಠ್ಯದಿಂದ ಏನೂ ತರಬೇಡ. ಜೊತೆಗೆ ಹಾಕಿದ ನಾಲ್ಕು ಪುಟ ಮತ್ತು ಪದಪಟ್ಟಿ ಓದು. ಆ ಪದಗಳನ್ನೇ ಬಳಸು. ಒಂದು ಪೀರಿಯಡ್ 40 ನಿಮಿಷ, 23 ಮಕ್ಕಳು. ಪ್ರಕ್ರಿಯೆಯ ಪುಟಕ್ಕೆ, ಅಂದರೆ ಪಾಠ ನಡೆಸುವ ಕ್ರಮಕ್ಕೆ, ಮಾತ್ರ ಬರೆ. ಮೂರು ಚಟುವಟಿಕೆ, ಪ್ರತಿಯೊಂದರಲ್ಲಿ ನಾನು ಕೇಳಬೇಕಾದ ಪ್ರಶ್ನೆಗಳು. ಉದಾಹರಣೆ ಸುರಂಗ, ಮದಕ, ಕಟ್ಟದಿಂದ ಇರಲಿ. ಅವು ಏನೆಂದು ಕೆಳಗೆ ಹೇಳಿದ್ದೇನೆ."

ಕೊನೆಯ ಸಾಲು ಮುಖ್ಯ. ಸುರಂಗ ಅಂದರೆ ಬಾಟ್ ರೈಲಿನ ಸುರಂಗ ಹಿಡಿದುಕೊಂಡು ಹೋಗಬಹುದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಳಗಿನಿಂದ ಒಸರುವ ನೀರನ್ನು ತಾನಾಗಿ ಹೊರಗೆ ಹರಿಸುವುದು ನಮ್ಮ ಸುರಂಗ. ಕಟ್ಟ ಅಂದರೆ ಮಳೆ ಮುಗಿದ ಮೇಲೆ ಕಲ್ಲು ಮಣ್ಣಿನಿಂದ ತೋಡಿಗೆ ಹಾಕುವ ತಡೆ. ಎರಡು ಸಾಲು ವಿವರಿಸಿದ ಮೇಲೆ ಬಂದ ಪಾಠ ಬೇರೆಯೇ ಆಗಿತ್ತು. "ಸುರಂಗದ ನೀರು ಎತ್ತಲು ಪಂಪು ಯಾಕೆ ಬೇಡ?" ಎಂಬ ಪ್ರಶ್ನೆ ಬಾಟ್ ಕೊಟ್ಟದ್ದು. ತರಗತಿಯಲ್ಲಿ ಅದೊಂದೇ ಪ್ರಶ್ನೆ ಅರ್ಧ ಪೀರಿಯಡ್ ನಡೆಸಿತು.

ಗಣಿತಕ್ಕೂ ಇದೇ ದಾರಿ. ಬಾವಿ, ಸುರಂಗಕ್ಕೆ ನಮ್ಮಲ್ಲಿ ಕೋಲಿನ ಲೆಕ್ಕ. ಒಂದು ಕೋಲು ಸುಮಾರು ಎರಡೂವರೆ ಅಡಿ. "40 ಕೋಲಿನ ಸುರಂಗ ಎಷ್ಟು ಅಡಿ?" ಎಂಬ ತರಹದ ಹತ್ತು ಲೆಕ್ಕ ಮಾಡಿಸಿದೆ. ಲೆಕ್ಕಗಳು ಒಳ್ಳೆಯವು. ಆದರೆ ಬಾಟ್ ಕೊಟ್ಟ ಉತ್ತರಪಟ್ಟಿಯನ್ನು ಪೆನ್ನು ಹಿಡಿದು ಮಾಡಿ ನೋಡದೆ ಬೋರ್ಡಿಗೆ ಹಾಕಬೇಡಿ. ಯಾವ ಬಾಟ್ ಆದರೂ ಸರಿ.

ನಮ್ಮದು ಸಪ್ತಭಾಷೆಯ ನೆಲ. ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ, ಉರ್ದು ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಒಂದನೇ ಎರಡನೇ ತರಗತಿಯ ಟೀಚರ್‌ಗೆ ಮನೆಮಾತಿನ ಪದ ಬೇಕೇ ಬೇಕು. ಮಲಯಾಳ, ಮರಾಠಿ, ಉರ್ದುವಿಗೆ ಬಾಟ್‌ಗಳು ಸರಿ ಇವೆ. ತುಳು 2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಸೇರಿತು, ಖುಷಿಯಾಯಿತು. ಆದರೆ ಬಾಟ್ ಬರೆಯುವ ತುಳುವನ್ನು ತರಗತಿಗೆ ತೆಗೆದುಕೊಂಡು ಹೋಗುವಷ್ಟು ನಾನು ನಂಬುವುದಿಲ್ಲ. ಬ್ಯಾರಿಗೆ ಮಗುವಿನ ಅಮ್ಮನನ್ನೇ ಕೇಳಿ. ಫೋನ್ ಮಾಡಿ "ಇದಕ್ಕೆ ನಿಮ್ಮಲ್ಲಿ ಏನು ಹೇಳ್ತೀರಿ?" ಅಂದರೆ ಅವರಿಗೂ ಸಂತೋಷ.

ಎಲ್ಲಿ ಬಾಟ್ ಬೇಡ

ಕನ್ನಡ ಪಾಠಕ್ಕೆ ಕವಿತೆಯ ಸಾಲು ಕೇಳಬೇಡಿ. ಇಲ್ಲದ ಸಾಲನ್ನು ಇದ್ದ ಕವಿಯ ಹೆಸರಿನಲ್ಲಿ ಬರೆದುಕೊಡುವುದು ಎಲ್ಲಾ ಬಾಟ್‌ಗಳ ದೋಷ. ನಮ್ಮ ನೆಲದ ಕವಿಗಳ ಹೆಸರಿನಲ್ಲಿ ತಪ್ಪು ಸಾಲು ಮಕ್ಕಳ ಬಾಯಿಗೆ ಹೋಗಬಾರದು. ಪುಸ್ತಕದ ಕವಿತೆಯನ್ನು ಹಾಕಿ ಪ್ರಶ್ನೆ ಮಾಡಿಸಿ, ಅದು ಸರಿ.

ಊರಿನ ವಿಷಯಕ್ಕೆ ಬಾಟ್ ಎಷ್ಟು ನಂಬಬಹುದು ಎಂದು ತಿಳಿಯಲು ನಿಮಗೆ ಉತ್ತರ ಗೊತ್ತಿರುವ ಮೂರು ಪ್ರಶ್ನೆ ಕೇಳಿ ನೋಡಿ. ಕಾಸರಗೋಡು ಜಿಲ್ಲೆ ಯಾವಾಗ ಆಯಿತು? 1984ರ ಮೇ 24. ನಮ್ಮ ಜಿಲ್ಲೆಯ ಮರ ಯಾವುದು? ಕಾಸರಕ, ಮಲಯಾಳದಲ್ಲಿ ಕಾಂಜಿರ. ಇದನ್ನು 2023ರಲ್ಲಿ ಘೋಷಿಸಿದರು. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಯಾವಾಗ ಶುರುವಾಯಿತು? 1916. ಇವತ್ತು ಅದೇ ಸಿಪಿಸಿಆರ್‌ಐ (ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ). ಮೂರೂ ಸರಿ ಹೇಳಿದರೆ ಒಳ್ಳೆಯದು. ಎರಡು ತಪ್ಪಿದರೆ ಆ ಬಾಟ್‌ನಿಂದ ಊರಿನ ಇತಿಹಾಸ ತೆಗೆದುಕೊಳ್ಳಬೇಡಿ.

ಮ್ಯಾನುವಲ್‌ನ ಇನ್ನೊಂದು ಬದಿ, ಪಾಠ ಆದ ಮೇಲೆ ನಾವು ಬರೆಯುವ ಪುಟ, ಅದನ್ನು ಯಾವತ್ತೂ ಬಾಟ್‌ಗೆ ಕೊಡಬೇಡಿ. ಪಾಠ ಆಗುವ ಮೊದಲೇ "ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು" ಅಂತ ಅದು ಬರೆದುಕೊಡುತ್ತದೆ. ಯಾರಿಗೆ ಅರ್ಥವಾಗಲಿಲ್ಲ, ಯಾವ ಪ್ರಶ್ನೆಗೆ ತರಗತಿ ಸುಮ್ಮನಾಯಿತು, ಹಿಂದಿನ ಬೆಂಚಿನ ಮಗು ಇವತ್ತು ಯಾಕೆ ಮಾತಾಡಿತು ಎಂಬುದು ಅಲ್ಲಿ ನಿಂತವರಿಗೆ ಮಾತ್ರ ಗೊತ್ತು.

ಮಕ್ಕಳ ಹೆಸರು, ಫೋಟೋ, ಮಾರ್ಕು, ಕಾಯಿಲೆ, ಮನೆಯ ಸ್ಥಿತಿ ಯಾವುದನ್ನೂ ಹಾಕಬೇಡಿ. 2023ರ ಡೇಟಾ ರಕ್ಷಣೆಯ ಕಾನೂನು 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. "ಓದಲು ನಿಧಾನವಿರುವ ಮೂವರು ಮಕ್ಕಳಿಗೆ ಇದೇ ಚಟುವಟಿಕೆಯನ್ನು ಸುಲಭ ಮಾಡು" ಎಂದರೆ ಸಾಕು, ಹೆಸರು ಯಾಕೆ? ನಮ್ಮ ಮಾತುಗಳನ್ನು ಬಾಟ್‌ನ ತರಬೇತಿಗೆ ಬಳಸಲು ಒಪ್ಪಿಗೆ ಕೊಡುವ ಗುಂಡಿ ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್‌ನ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಮೊದಲ ದಿನವೇ ಅದನ್ನು ಆಫ್ ಮಾಡಿ.

ಹಾಗಾದರೆ ನಿಮಗೆ ಯಾವುದು?

ನಿಮ್ಮ ಪುಸ್ತಕದ ಪಿಡಿಎಫ್‌ನ ಅಕ್ಷರ ಸರಿ ಉಂಟು, ಪುಸ್ತಕ ಬಿಟ್ಟು ಆಚೀಚೆ ಹೋಗುವುದು ಬೇಡ ಎಂದಾದರೆ ನೋಟ್‌ಬುಕ್‌ಎಲ್ಎಂ. ಹೈಸ್ಕೂಲಿನ ವಿಜ್ಞಾನ, ಸಮಾಜ ಕಲಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಟೈಪ್ ಬರುವುದಿಲ್ಲ, ಮಲಯಾಳದಿಂದ ಕನ್ನಡಕ್ಕೆ ತರುವ ಕೆಲಸ ಜಾಸ್ತಿ ಎಂದಾದರೆ ಜೆಮಿನಿ. ಎಲ್‌ಪಿ (1ರಿಂದ 4ನೇ) ತರಗತಿಗೆ ಆಟ, ಕಥೆ, ಮಾತುಕತೆ ಬೇಕಾದರೆ ಚಾಟ್‌ಜಿಪಿಟಿ ಅಥವಾ ಕ್ಲಾಡ್, ಪುಟದ ಫೋಟೋ ಜೊತೆಗಿಟ್ಟು. ಒಂದನ್ನು ಆರಿಸಿ ಒಂದು ಟರ್ಮ್ ಪೂರ್ತಿ ಅದರಲ್ಲೇ ಇರಿ. ದಿನಕ್ಕೊಂದು ಬದಲಿಸಿದರೆ ಯಾವುದರ ಗುಣವೂ ಗೊತ್ತಾಗುವುದಿಲ್ಲ. ಕೈಟ್ 2024ರ ಮೇಯಿಂದ ಟೀಚರ್‌ಗಳಿಗೆ ಎಐ ತರಬೇತಿ ಕೊಡುತ್ತಿದೆ. ನಿಮ್ಮ ಶಾಲೆಯಲ್ಲಿ ಹೋಗಿ ಬಂದವರಿದ್ದರೆ ಅವರ ಪಕ್ಕ ಕೂತು ಮೊದಲ ಪಾಠ ಮಾಡಿ.

ಶಾಲೆಯ ಟೀಚರ್‌ಗಳು ಸೇರುವ ಎಸ್‌ಆರ್‌ಜಿ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಇಟ್ಟರೆ ಕೆಲಸ ಹಂಚಿಕೊಳ್ಳಬಹುದು. ಒಬ್ಬರು ಗಣಿತದ ಪದಪಟ್ಟಿ, ಒಬ್ಬರು ವಿಜ್ಞಾನದ್ದು, ಇನ್ನೊಬ್ಬರು ಊರಿನ ಪದಗಳು. ನಾವು ಐದನೇ ತರಗತಿಯ ವಿಜ್ಞಾನಕ್ಕೆ ಹಾಗೆ ಮಾಡಿ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇವೆ. ಪಕ್ಕದ ಪಂಚಾಯತಿನ ಶಾಲೆಯವರೂ ಕೇಳಿ ತೆಗೆದುಕೊಂಡರು. ಓಣಂ ರಜೆಯ ಮೊದಲು ಆರನೇ ತರಗತಿಯದ್ದು ಮುಗಿಸಬೇಕು.